ನೀರಿನಲ್ಲಿ ಬೆಟ್ಟ ಬರೆದ ಟರ್ನರ್



ನಮ್ಮ ಗೋಡೆ ಪತ್ರಿಕೆಯಲ್ಲಿ ಪ್ರತಿ ಸಂಚಿಕೆಗೂ ಒಬ್ಬ ಮಹನೀಯರ ಜೀವನ ಚರಿತ್ರೆ ಇರುತ್ತದೆ. ಇದುವರೆಗೆ ವಿಜ್ಞಾನಿಗಳು, ಕವಿಗಳು, ಸ್ವಾತಂತ್ರ್ಯ ಹೋರಾಟಗಾರರು ಬಂದಿದ್ದಾರೆ. ಈ ಸಲ ಬರೆಯುವ ಸರದಿ ನನ್ನದು. ನಾನು ಒಬ್ಬ ಚಿತ್ರಗಾರರನ್ನು ಆರಿಸಿಕೊಂಡಿದ್ದೇನೆ. ಅವರ ಹೆಸರು ಜೋಸೆಫ್ ಮಲಾರ್ಡ್ ವಿಲಿಯಂ ಟರ್ನರ್. ಇಂಗ್ಲೆಂಡ್ ದೇಶದವರು. ಬೆಟ್ಟ ಮತ್ತು ಸರೋವರಗಳನ್ನು ಜಲವರ್ಣದಲ್ಲಿ ಬರೆಯುವುದರಲ್ಲಿ ಬಹಳ ದೊಡ್ಡ ಹೆಸರು ಅವರದು. ಜಲವರ್ಣ ಎಂದರೆ ಬೇರೇನೂ ಅಲ್ಲ, ಡ್ರಾಯಿಂಗ್ ಪೀರಿಯಡ್ಡಿನಲ್ಲಿ ನಾವು ನೀರಲ್ಲಿ ಕಲಸಿ ಹಚ್ಚುತ್ತೇವಲ್ಲ, ಅದೇ ಬಣ್ಣ. ಇಷ್ಟೊಂದು ಜನ ಮಹನೀಯರು ಇರುವಾಗ ಇವರನ್ನೇ ಏಕೆ ಆರಿಸಿದೆ ಎಂದು ನೀವು ಕೇಳಬಹುದು. ಓದುತ್ತಾ ಹೋಗಿ, ಗೊತ್ತಾಗುತ್ತದೆ.

ಜನನ ಮತ್ತು ಬಾಲ್ಯ

ಟರ್ನರ್ ಅವರು 1775ರಲ್ಲಿ ಲಂಡನ್ ನಗರದ ಕೋವೆಂಟ್ ಗಾರ್ಡನ್ ಎಂಬಲ್ಲಿ ಮೇಡನ್ ಲೇನ್ ಎಂಬ ಬೀದಿಯಲ್ಲಿ ಹುಟ್ಟಿದರು. ಅಲ್ಲೇ ಪಕ್ಕದಲ್ಲಿ ದೊಡ್ಡ ತರಕಾರಿ ಮಾರುಕಟ್ಟೆ ಇತ್ತು. ತಾಯಿಯ ಹೆಸರು ಮೇರಿ. ತಂದೆಯ ಹೆಸರು ವಿಲಿಯಂ. ತಂದೆ ಕ್ಷೌರಿಕರು. ಗಡ್ಡ ತೆಗೆಯುವುದು, ಕೂದಲು ಕತ್ತರಿಸುವುದು, ಆ ಕಾಲದ ಸಾಹುಕಾರರು ತಲೆಗೆ ಹಾಕಿಕೊಳ್ಳುತ್ತಿದ್ದ ಕೂದಲಿನ ವಿಗ್ಗುಗಳನ್ನು ಮಾಡಿಕೊಡುವುದು ಅವರ ಕಸುಬು.

ನಮ್ಮ ಅಪ್ಪನ ಕಸುಬೂ ಅದೇ. ನಮ್ಮ ಅಂಗಡಿ ನಿಮಗೆಲ್ಲಾ ಗೊತ್ತು. ಇದನ್ನು ಓದುತ್ತಾ ನಿಂತಿರುವವರಲ್ಲಿ ಅರ್ಧಕ್ಕರ್ಧ ಜನರ ತಲೆ ಕಟಿಂಗ್ ಮಾಡಿರುವುದು ನಮ್ಮಪ್ಪನೇ. ನಾನು ಟರ್ನರ್ ಅವರನ್ನು ಆರಿಸಿದ ಕಾರಣ ಇದೇ. ಡ್ರಾಯಿಂಗ್ ಮೇಷ್ಟ್ರು ಕೊಟ್ಟ ಪುಸ್ತಕದಲ್ಲಿ ಈ ವಿಷಯ ಓದಿದ ದಿನ ನನಗೆ ರಾತ್ರಿ ಬೇಗ ನಿದ್ದೆ ಬರಲಿಲ್ಲ.

ಟರ್ನರ್ ಅವರ ಬಾಲ್ಯ ಸುಖವಾಗಿರಲಿಲ್ಲ. ಅವರಿಗೆ ಒಬ್ಬಳೇ ತಂಗಿ. ಅವಳು ಐದು ವರ್ಷವೂ ತುಂಬದೆ 1783ರಲ್ಲಿ ತೀರಿಕೊಂಡಳು. ತಾಯಿಗೆ ಮನಸ್ಸಿನ ಕಾಯಿಲೆ ಇತ್ತು. ಹೀಗಾಗಿ ಹುಡುಗನನ್ನು ಬ್ರೆಂಟ್‌ಫರ್ಡ್ ಎಂಬ ಊರಿಗೆ, ಸೋದರಮಾವನ ಮನೆಗೆ ಕಳಿಸಿದರು. ಸೋದರಮಾವ ಮಾಂಸದ ವ್ಯಾಪಾರಿ. ಆ ಊರಿನಲ್ಲಿ ಹುಡುಗ ಒಂದು ಪುಸ್ತಕದ ಕಪ್ಪು ಬಿಳಿ ಚಿತ್ರಗಳಿಗೆ ಬಣ್ಣ ತುಂಬಿ ಚಿಲ್ಲರೆ ಕಾಸು ಸಂಪಾದಿಸಿದ. ಬಣ್ಣದ ಕೆಲಸಕ್ಕೆ ಸಿಕ್ಕ ಮೊದಲ ಕೂಲಿ ಅದು.

ತಂದೆಗೆ ಮಗನ ಕೈಚಳಕ ಗೊತ್ತಾಯಿತು. ಅವರು ಏನು ಮಾಡಿದರು ಗೊತ್ತಾ? ಮಗ ಬರೆದ ಚಿತ್ರಗಳನ್ನು ಕ್ಷೌರದ ಅಂಗಡಿಯ ಕಿಟಕಿಗೆ ತೂಗುಹಾಕಿ ಮಾರಾಟಕ್ಕೆ ಇಟ್ಟರು. ಒಂದು ಷಿಲಿಂಗಿನಿಂದ ಮೂರು ಷಿಲಿಂಗಿನವರೆಗೆ ಬೆಲೆ. ಗಡ್ಡ ತೆಗೆಸಲು ಬಂದವರು ಚಿತ್ರ ನೋಡುತ್ತಿದ್ದರು, ಕೆಲವರು ಕೊಳ್ಳುತ್ತಿದ್ದರು. ಮಗ ಚಿತ್ರಗಾರನೇ ಆಗುತ್ತಾನೆ ಎಂದು ತಂದೆ ಬಂದವರಿಗೆಲ್ಲಾ ಹೆಮ್ಮೆಯಿಂದ ಹೇಳುತ್ತಿದ್ದರಂತೆ. ಆ ಮಗನ ಮೊದಲ ಚಿತ್ರ ಪ್ರದರ್ಶನ ಅರಮನೆಯಲ್ಲಿ ಅಲ್ಲ, ಕ್ಷೌರದ ಅಂಗಡಿಯಲ್ಲಿ ನಡೆಯಿತು ಎಂಬುದನ್ನು ನೀವೆಲ್ಲಾ ನೆನಪಿಡಬೇಕು.

ಕಲಿಕೆ

1789ರ ಡಿಸೆಂಬರಿನಲ್ಲಿ ಟರ್ನರ್ ಅವರು ಲಂಡನ್ನಿನ ರಾಯಲ್ ಅಕಾಡೆಮಿ ಶಾಲೆಗೆ ಸೇರಿದರು. ಆಗ ಅವರಿಗೆ 14 ವರ್ಷ. ಅಂದರೆ ನನಗಿಂತ ಒಂದೇ ವರ್ಷ ದೊಡ್ಡವರು. ಮರುವರ್ಷ, 1790ರಲ್ಲಿ, ಅವರ ಒಂದು ಜಲವರ್ಣ ಚಿತ್ರ ಅಕಾಡೆಮಿಯ ದೊಡ್ಡ ಪ್ರದರ್ಶನದಲ್ಲಿ ಗೋಡೆ ಏರಿತು.

ಆಮೇಲೆ ಡಾಕ್ಟರ್ ಮನ್ರೋ ಎಂಬುವರ ಮನೆಯಲ್ಲಿ ಮೂರು ವರ್ಷ ಸಂಜೆ ಹೊತ್ತು ಕೆಲಸ. ಈ ಡಾಕ್ಟರಿಗೆ ಚಿತ್ರಗಳ ಹುಚ್ಚು. ಹುಡುಗರನ್ನು ಮನೆಗೆ ಕರೆದು, ದೊಡ್ಡವರ ಚಿತ್ರಗಳನ್ನು ನೋಡಿ ಬರೆಯಲು ಕೊಟ್ಟು, ಸ್ವಲ್ಪ ದುಡ್ಡು ಮತ್ತು ರಾತ್ರಿ ಊಟ ಕೊಡುತ್ತಿದ್ದರು. ಅಲ್ಲಿ ಟರ್ನರ್ ಅವರಿಗೆ ಥಾಮಸ್ ಗರ್ಟಿನ್ ಎಂಬ ಜೊತೆಗಾರ ಸಿಕ್ಕ. ಇಬ್ಬರೂ ಒಂದೇ ವರ್ಷ ಹುಟ್ಟಿದವರು. ಗರ್ಟಿನ್ ಪೆನ್ಸಿಲಿನಲ್ಲಿ ಗೆರೆ ಎಳೆಯುವುದು, ಟರ್ನರ್ ಅದರ ಮೇಲೆ ಬಣ್ಣದ ನೀರು ಹರಿಸುವುದು. ಹೀಗೆ ಹಂಚಿಕೊಂಡು ನೂರಾರು ಹಾಳೆ ಮುಗಿಸಿದರು.

ಇಲ್ಲಿ ನೀವು ಗಮನಿಸಬೇಕಾದ ಒಂದು ವಿಷಯ ಇದೆ. ಅವರು ನೋಡಿ ಬರೆದ ಚಿತ್ರಗಳಲ್ಲಿ ಜಾನ್ ರಾಬರ್ಟ್ ಕೋಜೆನ್ಸ್ ಎಂಬ ಚಿತ್ರಗಾರರವು ಬಹಳ ಇದ್ದವು. ಕೋಜೆನ್ಸ್ ಅವರು ಸ್ವಿಟ್ಜರ್ಲೆಂಡ್ ಮತ್ತು ಇಟಲಿಗೆ ಹೋಗಿ ಆಲ್ಪ್ಸ್ ಪರ್ವತಗಳನ್ನೂ ಸರೋವರಗಳನ್ನೂ ಕಣ್ಣಾರೆ ಕಂಡು ಬಂದವರು. ಪಾಪ, ಅವರಿಗೂ ಬುದ್ಧಿ ಕೆಟ್ಟು ಅದೇ ಡಾಕ್ಟರ್ ಮನ್ರೋ ಅವರ ಚಿಕಿತ್ಸೆಯಲ್ಲಿದ್ದರು. ಟರ್ನರ್ ಅವರು ಆಲ್ಪ್ಸ್ ಪರ್ವತವನ್ನು ನೋಡುವ ಎಷ್ಟೋ ಮೊದಲೇ, ಲಂಡನ್ನಿನ ಒಂದು ಕೋಣೆಯಲ್ಲಿ ಮೇಣದ ಬತ್ತಿ ಬೆಳಕಿನಲ್ಲಿ ಕೂತು ಆ ಬೆಟ್ಟಗಳ ಮೈಯನ್ನು ಕೈಗೆ ರೂಢಿ ಮಾಡಿಕೊಂಡರು. ನೋಡದ ಊರನ್ನು ಬರೆಯಬಾರದು ಎಂದು ಯಾರಾದರೂ ಹೇಳಿದರೆ ಅವರಿಗೆ ಈ ಕಥೆ ಹೇಳಿ.

1797ರಲ್ಲಿ ಇಂಗ್ಲೆಂಡಿನ ಉತ್ತರಕ್ಕೆ ಹೋಗಿ, ಸರೋವರ ಸೀಮೆ ಎಂದು ಹೆಸರಾದ ಕಡೆ ಬೆಟ್ಟ, ಕೆರೆ, ಮಳೆಬಿಲ್ಲು ಎಲ್ಲವನ್ನೂ ಬರೆದುಕೊಂಡು ಬಂದರು. 1802ರಲ್ಲಿ, 26ನೇ ವಯಸ್ಸಿನಲ್ಲಿ, ರಾಯಲ್ ಅಕಾಡೆಮಿಯ ಪೂರ್ಣ ಸದಸ್ಯರಾದರು. ಅದೇ ವರ್ಷ ಫ್ರಾನ್ಸಿಗೂ ಇಂಗ್ಲೆಂಡಿಗೂ ಯುದ್ಧ ನಿಂತು ಒಪ್ಪಂದ ಆಯಿತು. ದಾರಿ ತೆರೆಯಿತು. ಟರ್ನರ್ ಅವರು ತಡಮಾಡದೆ ಹೊರಟು ಸ್ವಿಟ್ಜರ್ಲೆಂಡ್ ಸೇರಿದರು. 400ಕ್ಕೂ ಹೆಚ್ಚು ರೇಖಾಚಿತ್ರ ಬರೆದುಕೊಂಡು ಬಂದರು. ಮುಂದಿನ ವರ್ಷವೇ ಮತ್ತೆ ಯುದ್ಧ ಶುರುವಾಗಿ ದಾರಿ ಮುಚ್ಚಿತು. ಜೊತೆಗಾರ ಗರ್ಟಿನ್ ಮಾತ್ರ ಆ 1802ರಲ್ಲೇ, 27ನೇ ವಯಸ್ಸಿಗೆ ತೀರಿಕೊಂಡರು.

ತಂದೆ ಮತ್ತು ಮಗ

ತಾಯಿಯನ್ನು 1800ರಲ್ಲಿ ಹುಚ್ಚಾಸ್ಪತ್ರೆಗೆ ಸೇರಿಸಬೇಕಾಯಿತು. 1804ರಲ್ಲಿ ಅವರು ಹೋಗಿಬಿಟ್ಟರು. ಇತ್ತ ತಂದೆಯ ಕಸುಬೂ ಕುಗ್ಗಿತು. 1795ರಲ್ಲಿ ಸರ್ಕಾರ ತಲೆಗೆ ಹಾಕುವ ಪುಡಿಗೆ ತೆರಿಗೆ ಹಾಕಿತು, ಜನ ವಿಗ್ಗು ಬಿಡುತ್ತಾ ಬಂದರು. ಆಮೇಲೆ ತಂದೆ ಅಂಗಡಿ ಮುಚ್ಚಿ ಮಗನ ಮನೆಗೇ ಬಂದರು. ಸುಮ್ಮನೆ ಕೂರಲಿಲ್ಲ. ಕ್ಯಾನ್ವಾಸು ಬಿಗಿಯುವುದು, ಮುಗಿದ ಚಿತ್ರಕ್ಕೆ ವಾರ್ನಿಷ್ ಹಚ್ಚುವುದು, ನೋಡಲು ಬಂದವರಿಗೆ ಬಾಗಿಲು ತೆಗೆಯುವುದು ಎಲ್ಲಾ ಅವರದೇ. ತನ್ನ ಚಿತ್ರವನ್ನು ಶುರು ಮಾಡುವವರೂ ಮುಗಿಸುವವರೂ ಅಪ್ಪನೇ ಎಂದು ಟರ್ನರ್ ತಮಾಷೆ ಮಾಡುತ್ತಿದ್ದರಂತೆ. 1829ರಲ್ಲಿ ತಂದೆ ತೀರಿಕೊಂಡಾಗ ಟರ್ನರ್ ಅವರು ಬಹಳ ಕುಗ್ಗಿಹೋದರು.

ಟರ್ನರ್ ಅವರು ದೊಡ್ಡವರಾದ ಮೇಲೂ ತಾನು ಹುಟ್ಟಿದ ಬೀದಿಯ ಮಾತನ್ನೇ ಆಡುತ್ತಿದ್ದರು. 1807ರಲ್ಲಿ ಅವರನ್ನು ಅಕಾಡೆಮಿಯಲ್ಲಿ ಪ್ರಾಧ್ಯಾಪಕರನ್ನಾಗಿ ಮಾಡಿದರು. ಅವರು ಪಾಠ ಮಾಡುವಾಗ ಮಾತು ತಡವರಿಸುತ್ತಿತ್ತು, ಕೇಳುವವರಿಗೆ ಸರಿಯಾಗಿ ತಿಳಿಯುತ್ತಿರಲಿಲ್ಲ. ಆದರೆ ಕುಂಚ ಹಿಡಿದರೆ ಎಲ್ಲರ ಬಾಯಿಯೂ ಮುಚ್ಚುತ್ತಿತ್ತು.

ಕೈಕೆಲಸದ ಗುಟ್ಟು

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಎಣ್ಣೆ ಬಣ್ಣದಲ್ಲಿ ಬಿಳಿ ಬೇಕಾದರೆ ಬಿಳಿ ಬಣ್ಣ ಹಚ್ಚಿದರಾಯಿತು. ಕಪ್ಪಿನ ಮೇಲೂ ಬಿಳಿ ನಿಲ್ಲುತ್ತದೆ. ಜಲವರ್ಣ ಹಾಗಲ್ಲ. ಅದು ತೆಳ್ಳಗಿನ ಗಾಜಿನ ಹಾಗೆ, ಕೆಳಗಿನ ಕಾಗದ ಕಾಣುತ್ತಲೇ ಇರುತ್ತದೆ. ಅಲ್ಲಿ ಬೆಳಕು ಅಂದರೆ ಕಾಗದದ ಬಿಳಿಯೇ. ಸೂರ್ಯ ಎಲ್ಲಿ, ನೀರಿನ ಹೊಳಪು ಎಲ್ಲಿ ಎಂದು ಮೊದಲೇ ಯೋಚಿಸಿ ಆ ಜಾಗ ಬಿಟ್ಟುಕೊಂಡು ಬರಬೇಕು. ತಿಳಿ ಬಣ್ಣ ಮೊದಲು, ಗಾಢ ಬಣ್ಣ ಆಮೇಲೆ. ಒಂದು ಪದರ ಒಣಗುವವರೆಗೆ ಕಾಯಬೇಕು.

ಟರ್ನರ್ ಅವರು ಕಾಗದವನ್ನು ನೀರಿನಲ್ಲಿ ಚೆನ್ನಾಗಿ ನೆನೆಸಿ, ಒದ್ದೆ ಇರುವಾಗಲೇ ಬಣ್ಣ ಬಿಟ್ಟು ಹರಿಯಲು ಬಿಡುತ್ತಿದ್ದರು. ಒಂದು ಹಾಳೆ ಒಣಗುವಷ್ಟರಲ್ಲಿ ಇನ್ನೊಂದು ಹಾಳೆ ಹಿಡಿಯುತ್ತಿದ್ದರು. ಹೆಚ್ಚಾದ ಬಣ್ಣವನ್ನು ಸ್ಪಂಜಿನಿಂದ ಎತ್ತುತ್ತಿದ್ದರು. ಬೆಳಕು ಬೇಕಾದ ಕಡೆ ಬಣ್ಣವನ್ನು ಚಾಕುವಿನಿಂದಲೋ, ಕುಂಚದ ಹಿಂಬದಿಯಿಂದಲೋ, ಹೆಬ್ಬೆರಳಿನ ಉಗುರಿನಿಂದಲೋ ಕೆರೆದು ಕೆಳಗಿನ ಬಿಳಿ ಕಾಗದ ಹೊರಗೆ ತರುತ್ತಿದ್ದರು. 1818ರಲ್ಲಿ ಫಾರ್ನ್‌ಲಿ ಹಾಲ್ ಎಂಬ ಸ್ನೇಹಿತರ ಮನೆಯಲ್ಲಿ, ಬೆಳಗಿನ ತಿಂಡಿಗೂ ಮಧ್ಯಾಹ್ನದ ಊಟಕ್ಕೂ ನಡುವೆ, ಒಂದು ದೊಡ್ಡ ಯುದ್ಧನೌಕೆಯ ಜಲವರ್ಣ ಮುಗಿಸಿಬಿಟ್ಟರು. ಆ ಮನೆಯ ಮಗ ಪಕ್ಕದಲ್ಲೇ ಕೂತು ನೋಡಿದ. ಮೊದಲು ಕಾಗದದ ಮೇಲೆ ಬರೀ ರಾಡಿ, ಉಗುರಿನಿಂದ ಗೀಚಾಟ, ಒರೆಸಾಟ. ನಿಧಾನವಾಗಿ ಅದರೊಳಗಿಂದ ಹಗ್ಗ, ಕಿಟಕಿ, ಅಲೆ ಸಹಿತ ಹಡಗು ಎದ್ದು ಬಂತಂತೆ.

ಇದನ್ನು ಓದುವಾಗ ನನಗೆ ನಮ್ಮ ಅಂಗಡಿಯೇ ಕಣ್ಣಿಗೆ ಬಂತು. ನೀರು, ಬ್ರಶ್ಶು, ಬ್ಲೇಡು. ಅಪ್ಪನ ಸಾಮಾನೂ ಇವೇ, ಟರ್ನರ್ ಅವರ ಸಾಮಾನೂ ಇವೇ. ಗಡ್ಡ ಚೆನ್ನಾಗಿ ನೆನೆಯದೆ ಬ್ಲೇಡು ಇಡಬಾರದು ಅಂತ ಅಪ್ಪ ಯಾವಾಗಲೂ ಅಂತಾರೆ. ಕಾಗದ ಚೆನ್ನಾಗಿ ನೆನೆಯದೆ ಬಣ್ಣ ಬಿಡಬಾರದು ಅಂತ ಡ್ರಾಯಿಂಗ್ ಮೇಷ್ಟ್ರು ಅಂತಾರೆ. ಅವಸರದ ಕೈಗೆ ಎರಡೂ ಕೆಲಸ ಒಲಿಯುವುದಿಲ್ಲ.

ರಿಗಿ ಬೆಟ್ಟ

ಸ್ವಿಟ್ಜರ್ಲೆಂಡಿನಲ್ಲಿ ಲೂಸರ್ನ್ ಎಂಬ ಪಟ್ಟಣ ಇದೆ. ಅದರ ಮುಂದೆ ಅದೇ ಹೆಸರಿನ ಸರೋವರ. ಆಳ 214 ಮೀಟರ್. ಸರೋವರದ ಆಚೆ, ಪೂರ್ವ ದಿಕ್ಕಿಗೆ ರಿಗಿ ಎಂಬ ಬೆಟ್ಟ. ಎತ್ತರ ಸುಮಾರು 1,798 ಮೀಟರ್. ಸೂರ್ಯೋದಯ ನೋಡಲು ದೇಶದೇಶದ ಜನ ಈ ಬೆಟ್ಟ ಹತ್ತುತ್ತಿದ್ದರು. ಟರ್ನರ್ ಅವರು ಮಾತ್ರ ಕೆಳಗೆ ನಿಂತು, ಸೂರ್ಯೋದಯದಲ್ಲಿ ಆ ಬೆಟ್ಟ ಏನಾಗುತ್ತದೆ ಎಂದು ನೋಡಿದರು.

1841ರಿಂದ 1844ರವರೆಗೆ ಪ್ರತಿ ವರ್ಷ ಅವರು ಸ್ವಿಟ್ಜರ್ಲೆಂಡಿಗೆ ಹೋದರು. ಆಗ ಅವರಿಗೆ 66 ದಾಟಿತ್ತು. ಲೂಸರ್ನಿನಲ್ಲಿ ಸರೋವರದ ದಡದ ಒಂದು ಹೋಟೆಲಿನಲ್ಲಿ ಇಳಿದುಕೊಂಡು, ಬೆಳಿಗ್ಗೆ, ಸಂಜೆ, ಮಂಜಿನಲ್ಲಿ, ಬಿಸಿಲಿನಲ್ಲಿ ಆ ಒಂದೇ ಬೆಟ್ಟವನ್ನು ಮತ್ತೆ ಮತ್ತೆ ಬರೆದುಕೊಂಡರು. ಒಂದು ಸಲವೂ ಅದು ಒಂದೇ ಥರ ಕಾಣಲಿಲ್ಲ. ಕಾರಣ ಸುಲಭ. ಬೆಟ್ಟ ಪೂರ್ವಕ್ಕಿದೆ. ಬೆಳಿಗ್ಗೆ ಸೂರ್ಯ ಅದರ ಬೆನ್ನ ಹಿಂದೆ ಇರುತ್ತಾನೆ. ನಮ್ಮ ಕಡೆಯ ಮೈ ನೆರಳಾಗಿ, ನಡುವಿನ ಗಾಳಿ ತುಂಬಿ ಬೆಟ್ಟ ನೀಲಿಯಾಗುತ್ತದೆ. ಸಂಜೆ ಸೂರ್ಯ ಪಶ್ಚಿಮದಿಂದ ನೇರ ಅದರ ಮುಖಕ್ಕೆ ಹೊಡೆಯುತ್ತಾನೆ. ಆಗ ಕೆಂಪಾಗುತ್ತದೆ. ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ ಅಂತ ನಮ್ಮಲ್ಲಿ ಗಾದೆ ಇದೆ. ಟರ್ನರ್ ಅವರಿಗೆ ಅಷ್ಟು ಸಾಲಲಿಲ್ಲ. ಯಾವ ಹೊತ್ತಿಗೆ ಎಷ್ಟು ನುಣ್ಣಗೆ, ಯಾವ ಬಣ್ಣದಲ್ಲಿ ನುಣ್ಣಗೆ ಎಂದು ಅವರು ನೋಡಿದರು.

ಹೀಗೆ 1842ರಲ್ಲಿ ಮೂರು ದೊಡ್ಡ ಜಲವರ್ಣಗಳು ಹುಟ್ಟಿದವು. ನೀಲಿ ರಿಗಿ, ಕಪ್ಪು ರಿಗಿ, ಕೆಂಪು ರಿಗಿ. ದೊಡ್ಡ ಅಂದರೂ ನೀಲಿ ರಿಗಿ ಸುಮಾರು 45 ಸೆಂಟಿಮೀಟರ್ ಅಗಲ, 30 ಸೆಂಟಿಮೀಟರ್ ಎತ್ತರ ಅಷ್ಟೇ. ಅದರಲ್ಲಿ ಇನ್ನೂ ಸೂರ್ಯ ಹುಟ್ಟಿಲ್ಲ. ಕೆಳಗಿನ ಆಕಾಶದಲ್ಲಿ ಹಳದಿ ಬೆಳಕು ಮೇಲೇಳುತ್ತಿದೆ. ನಡುವೆ ನೀಲಿ ಬೆಟ್ಟ, ಅದರ ಬುಡ ಮಂಜಿನಲ್ಲಿ ನೀರಿಗೆ ಕರಗಿಹೋಗಿದೆ. ಮೇಲೆ ಬೆಳ್ಳಿ ಚುಕ್ಕಿ, ಅಂದರೆ ಶುಕ್ರ ಗ್ರಹ. ಕೆಳಗೆ ನೀರಿನಲ್ಲಿ ಬಾತುಕೋಳಿಗಳು, ಅವುಗಳ ಹಿಂದೆ ನಾಯಿಗಳು. ನೀಲಿಯ ಮೇಲೆ ನೀಲಿ, ಪದರದ ಮೇಲೆ ಪದರ. ಬೆಟ್ಟದ ಸುತ್ತ ಒಂದು ಗಡುಸು ಗೆರೆಯೂ ಇಲ್ಲ. ಆದರೂ ಅದು ಬೆಟ್ಟವೇ.

ಅವರ ಕಾಲದಲ್ಲಿ ಇದು ಎಲ್ಲರಿಗೂ ಹಿಡಿಸಲಿಲ್ಲ. ಸಣ್ಣ ಮಾದರಿಗಳನ್ನು ತೋರಿಸಿ ಗಿರಾಕಿ ಹುಡುಕಬೇಕಾಯಿತು. ಹತ್ತು ಚಿತ್ರಕ್ಕೆ ಗಿರಾಕಿ ಸಿಗಲಿ ಎಂದಿದ್ದರೆ ಒಂಬತ್ತಕ್ಕೆ ಮಾತ್ರ ಸಿಕ್ಕರು. ಒಂದೊಂದಕ್ಕೆ 80 ಗಿನಿ ಬೆಲೆ. ಅದೇ 1842ರಲ್ಲಿ ಅವರು ಸಮುದ್ರದ ಬಿರುಗಾಳಿಯ ಒಂದು ಎಣ್ಣೆ ಬಣ್ಣದ ಚಿತ್ರ ಪ್ರದರ್ಶನಕ್ಕೆ ಇಟ್ಟರು. ಇದು ಚಿತ್ರವಲ್ಲ, ಬರೀ ಸೋಪಿನ ನೊರೆ ಮತ್ತು ಸುಣ್ಣದ ನೀರು ಎಂದು ಜನ ಗೇಲಿ ಮಾಡಿದರು. ಟರ್ನರ್ ಅವರಿಗೆ ಇದು ಬಹಳ ನೋವು ಮಾಡಿತಂತೆ. ಕ್ಷೌರಿಕರ ಮಗನಿಗೆ ಸೋಪಿನ ನೊರೆ ಅಂದರೆ ಏನು ಅಂತ ನನಗೆ ಗೊತ್ತು. ನಮ್ಮಲ್ಲೂ ಕೆಲವರು ಆಟದಲ್ಲಿ ಜಗಳ ಬಂದರೆ ಅಪ್ಪನ ಕಸುಬಿನ ಹೆಸರು ಹಿಡಿದು ಕರೀತಾರೆ. ಅವರ ಹೆಸರು ನಾನು ಇಲ್ಲಿ ಬರೆಯುವುದಿಲ್ಲ. ಅವರೂ ಇದನ್ನು ಪೂರ್ತಿ ಓದಲಿ ಅಂತ ನನ್ನ ಆಸೆ. ಟರ್ನರ್ ಅವರು ಗೇಲಿಗೆ ಹೆದರಿ ಬರೆಯುವ ರೀತಿ ಬದಲಿಸಲಿಲ್ಲ, ಮುಂದಿನ ವರ್ಷವೂ ಬೆಟ್ಟಕ್ಕೆ ಹೋದರು.

ಕೊನೆಯ ದಿನಗಳು ಮತ್ತು ನಂತರ

1851ರ ಡಿಸೆಂಬರ್ 19ರಂದು ಲಂಡನ್ನಿನ ಚೆಲ್ಸಿ ಎಂಬಲ್ಲಿ, ಥೇಮ್ಸ್ ನದಿ ದಡದ ಮನೆಯಲ್ಲಿ ಟರ್ನರ್ ಅವರು ತೀರಿಕೊಂಡರು. ಅವರನ್ನು ಸೇಂಟ್ ಪಾಲ್ಸ್ ಎಂಬ ದೊಡ್ಡ ಚರ್ಚಿನಲ್ಲಿ ಸಮಾಧಿ ಮಾಡಿದರು. ತನ್ನ ಚಿತ್ರಗಳು ದೇಶಕ್ಕೆ, ತನ್ನ ದುಡ್ಡು ಬಡ ಚಿತ್ರಗಾರರಿಗೆ ಎಂದು ಉಯಿಲು ಬರೆದಿದ್ದರು. ನೆಂಟರು ಕೋರ್ಟಿಗೆ ಹೋದ್ದರಿಂದ ದುಡ್ಡಿನ ವಿಷಯದಲ್ಲಿ ಅವರ ಆಸೆ ಈಡೇರಲಿಲ್ಲ. ಚಿತ್ರಗಳು ಮಾತ್ರ 1856ರಲ್ಲಿ ದೇಶದ ಪಾಲಾದವು. ಸುಮಾರು 300 ಎಣ್ಣೆ ಬಣ್ಣದ ಚಿತ್ರಗಳು, ಸುಮಾರು 30,000 ಜಲವರ್ಣ ಮತ್ತು ರೇಖಾಚಿತ್ರಗಳು.

ನೀಲಿ ರಿಗಿ ಅವುಗಳಲ್ಲಿ ಇರಲಿಲ್ಲ, ಅದು ಮೊದಲೇ ಮಾರಾಟವಾಗಿತ್ತು. 2006ರಲ್ಲಿ ಅದು ಹರಾಜಿಗೆ ಬಂದಾಗ 58 ಲಕ್ಷ ಪೌಂಡಿಗೆ ಹೋಯಿತು. ಚಿತ್ರ ಬೇರೆ ದೇಶಕ್ಕೆ ಹೋಗುವುದಿತ್ತು. ಆಗ ಸರ್ಕಾರ ಸ್ವಲ್ಪ ಕಾಲ ತಡೆ ಹಾಕಿತು, ಲಂಡನ್ನಿನ ಟೇಟ್ ಚಿತ್ರಶಾಲೆ ಅದನ್ನು ಉಳಿಸಿಕೊಳ್ಳಲು ಹೊರಟಿತು. ಒಬ್ಬರು 5 ಪೌಂಡ್ ಕೊಟ್ಟರೆ ಚಿತ್ರದ ಒಂದು ಕುಂಚದ ಗುರುತು ಕೊಂಡ ಹಾಗೆ ಎಂದು ಜನರನ್ನು ಕೇಳಿದರು. ಸಾವಿರಾರು ಜನ ಕೊಟ್ಟು 5 ಲಕ್ಷ ಪೌಂಡಿಗೂ ಹೆಚ್ಚು ಸೇರಿತು. ಉಳಿದದ್ದನ್ನು ಸಂಸ್ಥೆಗಳು ಹಾಕಿ, 2007ರಲ್ಲಿ ನೀಲಿ ರಿಗಿ ಟೇಟ್‌ನಲ್ಲೇ ಉಳಿಯಿತು. ಆ ವರ್ಷ ಮೂರು ರಿಗಿಗಳನ್ನೂ ಅಲ್ಲಿ ಒಟ್ಟಿಗೆ ತೋರಿಸಿದರು. 2020ರಲ್ಲಿ ಬಂದ ಇಂಗ್ಲೆಂಡಿನ 20 ಪೌಂಡ್ ನೋಟಿನ ಮೇಲೆ ಟರ್ನರ್ ಅವರ ಮುಖ ಅಚ್ಚಾಯಿತು. ಒಂದು ಕಾಲಕ್ಕೆ ಷಿಲಿಂಗಿಗೆ ಚಿತ್ರ ಮಾರಿದ ಹುಡುಗನ ಮುಖ ನೋಟಿನ ಮೇಲೆ!

ನಾನು ಮಾಡಿ ನೋಡಿದ್ದು

ಬರೀ ಓದಿದರೆ ಸಾಲದು ಎಂದು ನಾನೂ ಒಂದು ರಿಗಿ ಬರೆದೆ. ಈ ಬರಹದ ಪಕ್ಕ ಅಂಟಿಸಿದೆ, ನೋಡಿ. ಡ್ರಾಯಿಂಗ್ ಹಾಳೆಯನ್ನು ಪರೀಕ್ಷೆ ರಟ್ಟಿಗೆ ಅಂಟಿಸಿ, ಒದ್ದೆ ಬಟ್ಟೆಯಿಂದ ನೆನೆಸಿದೆ. ಮೊದಲು ತಿಳಿ ಹಳದಿ, ಆಕಾಶಕ್ಕೂ ನೀರಿಗೂ ಒಟ್ಟಿಗೆ. ಏಕೆಂದರೆ ಕೆರೆ ಆಕಾಶದ ಬಣ್ಣವನ್ನೂ ಸಾಲ ಪಡೆಯುತ್ತದೆ. ಒಣಗಿದ ಮೇಲೆ ಬಹಳ ನೀರು ಬೆರೆಸಿದ ನೀಲಿಯಲ್ಲಿ ಬೆಟ್ಟ. ಬುಡಕ್ಕೆ ಬರೀ ನೀರಿನ ಕುಂಚ ಎಳೆದರೆ ಅದು ತಾನೇ ಮಂಜಾಗುತ್ತದೆ. ಮತ್ತೆ ಒಣಗಲು ಬಿಟ್ಟು, ಮತ್ತೊಂದು ನೀಲಿ. ದಡದ ಗಾಢ ಬಣ್ಣ ಎಲ್ಲಕ್ಕಿಂತ ಕೊನೆಗೆ. ಎರಡು ಸಂಜೆ ಹಿಡಿಯಿತು.

ಬೆಳ್ಳಿ ಚುಕ್ಕಿಯನ್ನು ಮಾತ್ರ ನಾನು ಮಾಡಿದ್ದಲ್ಲ. ಬ್ಲೇಡಿನ ಕೆಲಸ ಅಂತ ಅಪ್ಪನನ್ನು ಕೇಳಿದೆ. ಅಪ್ಪ ಕೈ ಒರೆಸಿಕೊಂಡು, ಕನ್ನಡಕ ಹಾಕಿಕೊಂಡು, ಬ್ಲೇಡಿನ ಮೂಲೆಯಿಂದ ಒಂದೇ ಒಂದು ಸಲ ಕೆರೆದರು. ಕಾಗದ ಹರಿಯಲಿಲ್ಲ. ಬಿಳಿ ಚುಕ್ಕಿ ಬಂತು.

ಗೆಳೆಯ ಗೆಳತಿಯರೇ, ಟರ್ನರ್ ಅವರ ಜೀವನದಿಂದ ನಾವು ಕಲಿಯಬೇಕಾದದ್ದು ಎರಡು. ಒಂದನ್ನೇ ಮತ್ತೆ ಮತ್ತೆ ನೋಡಿದರೆ ಅದು ದಿನಾ ಹೊಸದಾಗುತ್ತದೆ. ಮತ್ತೆ, ಯಾವ ಕಸುಬಿನ ಮನೆಯಲ್ಲಿ ಹುಟ್ಟಿದರೂ ಆ ಮನೆಯ ಕೈಗುಣ ಮಕ್ಕಳಿಗೆ ಆಸ್ತಿಯೇ. ಮುಂದಿನ ತಿಂಗಳು ಹೊಸ ಸಂಚಿಕೆ ಬಂದಾಗ ಈ ಚಿತ್ರವನ್ನು ಗೋಡೆಯಿಂದ ತೆಗೆಯುತ್ತಾರೆ. ಆಗ ಹರಿಯದ ಹಾಗೆ ತೆಗೆದುಕೊಂಡು ಬಾ ಅಂತ ಅಪ್ಪ ಹೇಳಿದ್ದಾರೆ. ಅಂಗಡಿಯಲ್ಲಿ ಕನ್ನಡಿ ಪಕ್ಕ ಮೊಳೆ ಹೊಡೆದು ಇಟ್ಟಿದ್ದಾರೆ.

— 7ನೇ ತರಗತಿ